ಅಂಗಾಲಿನ ಮೂಲಕ ಬಂದ ಬೆಳಕು

2014ರಲ್ಲಿ ನನಗೆ ಇಪ್ಪತ್ನಾಲ್ಕು ವರ್ಷ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಆಸ್ಪತ್ರೆಗಳ ಯಂತ್ರಗಳನ್ನು ದುರಸ್ತಿ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಬಯೋಮೆಡಿಕಲ್ ಟೆಕ್ನಿಷಿಯನ್ ಆಗಿ ಸೇರಿ ಎರಡನೆಯ ವರ್ಷ ನಡೆಯುತ್ತಿತ್ತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳು ನನ್ನ ಪಾಲಿಗೆ ಬಂದಿದ್ದವು. ಓಡಾಟವೆಲ್ಲ ಬಸ್ಸಿನಲ್ಲಿ. ಹೆಗಲ ಚೀಲದಲ್ಲಿ ಒಂದು ಮಲ್ಟಿಮೀಟರ್, ಬೆಸುಗೆ ಹಾಕುವ ಸಾಮಾನು, ಶಾಲೆಯ ಪಾಟಿಯಷ್ಟು ಅಗಲದ ಆಸಿಲೋಸ್ಕೋಪ್. ವೋಲ್ಟೇಜ್ ಕ್ಷಣಕ್ಷಣಕ್ಕೂ ಹೇಗೆ ಏರಿಳಿಯುತ್ತದೆ ಎಂಬುದನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುವ ಯಂತ್ರ ಅದು. ಮಾಡಿದ ಕೆಲಸದ ದಿನಾಂಕ, ತೆಗೆದುಕೊಂಡ ಅಳತೆ ಎಲ್ಲವನ್ನೂ ಅಂದಂದೇ ಬರೆದಿಡುವ ಚಾಳಿ ನನಗೆ ಹೈಸ್ಕೂಲಿನಿಂದಲೂ ಇದೆ. ಹೀಗಾಗಿ ಆಗಸ್ಟ್ 12, ಮಂಗಳವಾರದ ಅಂಕಿಗಳು ಇಂದಿಗೂ ನನ್ನ ಬಳಿ ಇವೆ. ಆ ದಿನ ನೋಡಿದ್ದು ಮಾತ್ರ ಯಾವ ಅಂಕಿಯಲ್ಲೂ ಹಿಡಿಸುವಂಥದ್ದಲ್ಲ.

ಆ ದಿನ ಬೆಳಿಗ್ಗೆ ಸುರಪುರದಲ್ಲಿ ಒಂದು ಇಸಿಜಿ ಯಂತ್ರದ ಮುಂದೆ ಕುಳಿತಿದ್ದೆ. ಶಹಾಪುರದ ಒಂದು ಹೆರಿಗೆ ಆಸ್ಪತ್ರೆಯಿಂದ ಫೋನ್ ಬಂತು. ಅಲ್ಲಿನ ಹಿರಿಯ ನರ್ಸ್ ಶಾಂತಾಬಾಯಿಯವರ ದನಿ. ಅವರು ಯಾವತ್ತೂ ನಮಸ್ಕಾರ ಹೇಳಿ ಮಾತು ಶುರು ಮಾಡಿದವರಲ್ಲ.

"ಎಲ್ಲಿ ಅದೀಯವಾ? ನಿಮ್ಮ ಮಷೀನು ಸುಳ್ಳು ಹೇಳಾಕತ್ತಾದ. ಲಗೂನ ಬಾ."

"ಯಾವ ಮಷೀನ್ರಿ ಸಿಸ್ಟರ್?"

"ಕೂಸಿನ ಆಕ್ಸಿಜನ್ ತೋರಸೋದು. ಒಮ್ಮೆ ಎಪ್ಪತ್ತೊಂದು ಅಂತದ, ಒಮ್ಮೆ ಎಂಬತ್ತು ಅಂತದ, ಒಮ್ಮೆ ಬರೇ ಗೆರಿ ಎಳದು ಸುಮ್ನ ಕುಂದರ್ತದ. ಡಾಕ್ಟರು ಆಂಬುಲೆನ್ಸಿಗೆ ಹೇಳ್ಯಾರ. ಅದು ಬರೋದರೊಳಗ ನೀ ಬರಬೇಕು."

ಶಹಾಪುರದ ಬಸ್ ಹತ್ತಿದೆ. ಕಾಲುವೆಗೆ ನೀರು ಬಿಟ್ಟು ಕೆಲವೇ ವಾರಗಳಾಗಿದ್ದವು. ರಸ್ತೆಯ ಎರಡೂ ಕಡೆ ಕೆಸರುಗದ್ದೆಗಳು. ಸಾಲಾಗಿ ಬಗ್ಗಿ ಭತ್ತ ನಾಟಿ ಮಾಡುವ ಹೆಂಗಸರು. ನಾನು ಹುಟ್ಟುವ ಹೊತ್ತಿಗೆ ಈ ಹೊಲಗಳಲ್ಲಿ ಬರೀ ಜೋಳ, ತೊಗರಿ ಇತ್ತಂತೆ. ಕಾಲುವೆ ಬಂದ ಮೇಲೆ ಊರಿನ ಬಣ್ಣವೇ ಬದಲಾಯಿತು ಎಂದು ಅಪ್ಪ ಹೇಳುತ್ತಿದ್ದ. ಅವನು ಅದೇ ಕಾಲುವೆಯ ಉಪನಾಲೆಯೊಂದರ ಮೇಲೆ ಲಸ್ಕರ್, ಅಂದರೆ ತೂಬು ಎತ್ತಿ ಇಳಿಸಿ ನೀರಿನ ಲೆಕ್ಕ ನೋಡುವವನು.

ಆಸ್ಪತ್ರೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ನವಜಾತ ಶಿಶುಗಳ ಕೋಣೆಯಲ್ಲಿ ಆ ದಿನ ಇದ್ದದ್ದು ಒಂದೇ ಕೂಸು. ಬಿಸಿ ಗಾಳಿಯ ತೊಟ್ಟಿಲಲ್ಲಿ, ನನ್ನ ಅಂಗೈಗಿಂತ ತುಸು ಉದ್ದದ ಎದೆ, ಹೊಟ್ಟೆ. ತೂಕ ಒಂದು ಕೆಜಿ ಆರುನೂರು ಗ್ರಾಂ. ಏಳು ವಾರ ಮೊದಲೇ ಹುಟ್ಟಿದ ಹೆಣ್ಣುಮಗು. ತಾಯಿ ಸಾಬಮ್ಮ ಕೊಂಕಲ್ ಕಡೆಯವಳು. ನಾಟಿ ಕೆಲಸಕ್ಕೆಂದು ಬಂದವಳಿಗೆ ಗದ್ದೆಯಲ್ಲೇ ನೋವು ಬಂದು, ಶನಿವಾರ ಆಪರೇಷನ್ ಮಾಡಿ ಕೂಸನ್ನು ತೆಗೆದಿದ್ದರು. ಅವಳು ಇನ್ನೂ ಪಕ್ಕದ ವಾರ್ಡಿನಲ್ಲಿ ಎದ್ದು ಕೂರಲಾರದೆ ಮಲಗಿದ್ದಳು. ಕೂಸನ್ನು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಒಯ್ದರೆ ತಾಯಿ ಇಲ್ಲೇ ಉಳಿಯಬೇಕು. ಆ ತೂಕದ ಕೂಸಿಗೆ ಅಷ್ಟು ದೂರದ ಪ್ರಯಾಣವೆಂದರೆ, ಮೈ ತಣ್ಣಗಾದರೂ ಅಪಾಯ, ಉಸಿರು ಸೋತರೂ ಅಪಾಯ. ಒಯ್ಯದೆ ಇಲ್ಲೇ ಇಟ್ಟುಕೊಂಡು, ಯಂತ್ರ ಹೇಳುವ ಅಂಕಿ ನಿಜವಾಗಿದ್ದರೆ, ಅದು ಇನ್ನೂ ದೊಡ್ಡ ಅಪಾಯ.

ಮಕ್ಕಳ ಡಾಕ್ಟರ್ ರಜಿಯಾ ಮೇಡಂ ತೊಟ್ಟಿಲ ಪಕ್ಕದಲ್ಲೇ ನಿಂತಿದ್ದರು.

"ನೋಡಮ್ಮಾ, ಕೂಸು ನೋಡಾಕ ಚಲೋ ಕಾಣ್ತದ. ಆದ್ರ ನನ್ನ ಕಣ್ಣು ಮೀಟರ್ ಅಲ್ಲ. ಭಾನುವಾರ ಮಧ್ಯಾಹ್ನದ ತನಕ ಈ ಮಷೀನು ಬರೋಬ್ಬರಿ ತೊಂಬತ್ಮೂರು, ತೊಂಬತ್ನಾಲ್ಕು ತೋರಿಸ್ತಿತ್ತು. ಆಮ್ಯಾಲ ಕೆಟ್ಟದ್ದು ಮಷೀನೋ, ಕೂಸೋ, ಅಷ್ಟು ಹೇಳು ನನಗ. ಅಂಕಿ ಬಿದ್ದಾಂಗೆಲ್ಲ ಆಕ್ಸಿಜನ್ ಏರಿಸ್ಕೋತ ಬಂದೀನಿ."

ಈ ಯಂತ್ರದ ಹೆಸರು ಪಲ್ಸ್ ಆಕ್ಸಿಮೀಟರ್. ಕೂಸಿನ ಪಾದಕ್ಕೆ ಬೆರಳಗಲದ ಒಂದು ಪಟ್ಟಿ ಸುತ್ತುತ್ತಾರೆ. ಪಟ್ಟಿಯ ಒಂದು ಬದಿಯಲ್ಲಿ ಎರಡು ಪುಟ್ಟ ದೀಪಗಳು. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಎದುರು ಬದಿಯಲ್ಲಿ ಫೋಟೊಡಯೋಡ್, ಅಂದರೆ ಬೆಳಕು ಬಿದ್ದರೆ ವಿದ್ಯುತ್ತನ್ನು ಹರಿಯಿಸುವ, ಅಕ್ಕಿಕಾಳಿಗಿಂತ ತುಸು ದೊಡ್ಡ ಚೂರು. ಬೆಳಕು ಚರ್ಮ, ಮಾಂಸ, ರಕ್ತಗಳನ್ನೆಲ್ಲ ಹಾದು ಈಚೆಗೆ ಬರಬೇಕು. ಆಕ್ಸಿಜನ್ ತುಂಬಿದ ರಕ್ತ ಕೆಂಪು ಬೆಳಕನ್ನು ಹೆಚ್ಚು ಬಿಟ್ಟುಕೊಡುತ್ತದೆ, ಆಕ್ಸಿಜನ್ ಇಲ್ಲದ ರಕ್ತ ನುಂಗುತ್ತದೆ. ಎದೆ ಒಮ್ಮೆ ಬಡಿದಾಗ ಪಾದಕ್ಕೆ ರಕ್ತ ನುಗ್ಗಿ ಬೆಳಕು ಕೂದಲೆಳೆಯಷ್ಟು ಮಂಕಾಗುತ್ತದೆ, ಮತ್ತೆ ತಿಳಿಯಾಗುತ್ತದೆ. ಆ ಕೂದಲೆಳೆಯ ವ್ಯತ್ಯಾಸವನ್ನು ಎರಡೂ ಬೆಳಕುಗಳಲ್ಲಿ ಹೋಲಿಸಿ ಯಂತ್ರ ಲೆಕ್ಕ ಹಾಕುತ್ತದೆ.

ಫೋಟೊಡಯೋಡಿನಿಂದ ಬರುವ ವಿದ್ಯುತ್ತು ಎಷ್ಟು ಸಣ್ಣದೆಂದರೆ, ಮೊಬೈಲ್ ಚಾರ್ಜರಿನಲ್ಲಿ ಸುಮಾರು ಒಂದು ಆಂಪಿಯರ್ ಹರಿಯುತ್ತದೆ ಎಂದುಕೊಂಡರೆ, ಇಲ್ಲಿ ಹರಿಯುವುದು ಅದರ ಹತ್ತು ಲಕ್ಷದ ಒಂದು ಪಾಲು. ಅದನ್ನು ಮೈಕ್ರೊಆಂಪಿಯರ್ ಎನ್ನುತ್ತಾರೆ. ಯಂತ್ರದ ಮಿದುಳಿಗೆ ಇಂಥ ಹರಿವು ನೇರವಾಗಿ ಓದಲು ಬರುವುದಿಲ್ಲ. ಅದಕ್ಕೆ ಬೇಕಾದದ್ದು ವೋಲ್ಟೇಜ್. ಹರಿವನ್ನು ವೋಲ್ಟೇಜ್ ಮಾಡಿಕೊಡುವ ಸರ್ಕಿಟ್ಟಿಗೆ ಟ್ರಾನ್ಸ್‌ಇಂಪೀಡನ್ಸ್ ಆಂಪ್ಲಿಫೈಯರ್ ಎಂದು ಹೆಸರು. ಕಾಲೇಜಿನಲ್ಲಿ ಈ ಹೆಸರು ಕೇಳಿಯೇ ಅರ್ಧ ತರಗತಿ ಹೆದರಿತ್ತು. ನನಗೆ ಅದು ಕೂಡಲೇ ತಿಳಿದದ್ದು ಅಪ್ಪನ ಕೆಲಸದಿಂದ. ಉಪನಾಲೆಯಲ್ಲಿ ಒಂದು ಕಡೆ ಕಾಲುವೆಯನ್ನು ಕಲ್ಲಿನಿಂದ ಕಿರಿದು ಮಾಡಿ, ಪಕ್ಕದ ಗೋಡೆಗೆ ಬಿಳಿ ಕಪ್ಪು ಗೆರೆಗಳ ಅಳತೆಪಟ್ಟಿ ಬರೆದಿರುತ್ತಾರೆ. ಹರಿಯುವ ನೀರನ್ನು ಯಾರೂ ಕೊಡದಲ್ಲಿ ಅಳೆಯುವುದಿಲ್ಲ. ಆ ಕಿರಿದಾದ ಜಾಗದಲ್ಲಿ ನೀರು ಎಷ್ಟು ಎತ್ತರ ಏರಿದೆ ನೋಡಿದರೆ ಎಷ್ಟು ಹರಿಯುತ್ತಿದೆ ಎಂಬುದು ಗೊತ್ತಾಗುತ್ತದೆ. ಹರಿವು ಎತ್ತರವಾಗಿ ಕಾಣುವ ಜಾಗ ಅದು. ಸರ್ಕಿಟ್ಟಿನಲ್ಲಿ ಆ ಕಿರಿದಾದ ಜಾಗವೇ ರೆಸಿಸ್ಟರ್, ಆ ಎತ್ತರವೇ ವೋಲ್ಟೇಜ್. ಕಾಲುವೆಯನ್ನು ಕಿರಿದು ಮಾಡಿದರೆ ನೀರು ಹಿಂದಕ್ಕೂ ಒತ್ತುತ್ತದಲ್ಲ, ಅಂಥ ಒತ್ತಡ ಫೋಟೊಡಯೋಡಿಗೆ ತಾಗದಂತೆ ಆಂಪ್ಲಿಫೈಯರ್ ನೋಡಿಕೊಳ್ಳುತ್ತದೆ. ಅದರ ಜಾಣತನವೆಲ್ಲ ಅಷ್ಟೇ.

ಇಂಥದೇ ಒಂದು ಸರ್ಕಿಟ್ಟನ್ನು ನಾನು ಸೋಪಿನ ಡಬ್ಬಿಯೊಂದರಲ್ಲಿ ಕೂಡಿಸಿ ಇಟ್ಟುಕೊಂಡಿದ್ದೆ. ಪಟ್ಟಿಗಳನ್ನು ಪರೀಕ್ಷಿಸಲು. ಸಣ್ಣ ಬ್ಯಾಟರಿಯ ಮೇಲೆ ನಡೆಯುವುದರಿಂದ ಕೂಸಿಗೆ ತಾಗಿಸಿದರೂ ಭಯವಿಲ್ಲ. ಅದರಲ್ಲಿ ಹತ್ತು ಲಕ್ಷ ಓಮ್‌ನ ರೆಸಿಸ್ಟರ್ ಹಾಕಿದ್ದರಿಂದ ಲೆಕ್ಕ ಸುಲಭ. ಒಂದು ಮೈಕ್ರೊಆಂಪಿಯರ್ ಬಂದರೆ ಒಂದು ವೋಲ್ಟ್.

ಮೊದಲು ಆಸ್ಪತ್ರೆಯ ಯಂತ್ರವನ್ನೇ ನೋಡಿದೆ. ಕೂಸಿನ ಪಾದದ ಪಟ್ಟಿಯನ್ನು ಶಾಂತಾಬಾಯಿ ಬಿಚ್ಚಿ, ಒರೆಸಿ, ನನ್ನ ಕಿರುಬೆರಳಿಗೆ ಸುತ್ತಿದರು. ಪರದೆಯ ಮೇಲೆ ತೊಂಬತ್ತೆಂಟು ಬಂತು, ಅಲುಗಾಡದೆ ನಿಂತಿತು. ನಾನು ಚೀಲದಲ್ಲಿ ತಂದಿದ್ದ ಹೊಸ ಪಟ್ಟಿ ಹಾಕಿದೆ. ಅದಕ್ಕೂ ತೊಂಬತ್ತೆಂಟು. ಮತ್ತೆ ಕೂಸಿನ ಪಾದಕ್ಕೆ ಸುತ್ತಿದರು. ಎಪ್ಪತ್ತಾರು ಬಂತು, ಎಪ್ಪತ್ತೊಂದಾಯಿತು, ಆಮೇಲೆ ಬರೀ ಗೆರೆ. ಇನ್ನೊಂದು ಪಾದಕ್ಕೆ ಹಾಕಿದರೂ ಅದೇ ಕಥೆ. ಕೈಗೆ ಹಾಕುವಂತಿರಲಿಲ್ಲ. ಒಂದು ಕೈಯಲ್ಲಿ ಸಲೈನ್ ಸೂಜಿ, ಇನ್ನೊಂದು ಕೈ ಹಿಂದಿನ ಸೂಜಿಯಿಂದ ಬಾತಿತ್ತು.

"ಮಷೀನು ಸರಿ ಅದ ಮೇಡಂ" ಎಂದೆ.

ಹೇಳಿದ ಮೇಲೆ ಆ ಮಾತಿನ ಭಾರ ನನಗೇ ಗೊತ್ತಾಯಿತು. ಯಂತ್ರ ಸರಿ ಇದೆ ಎಂದರೆ ಕೂಸು ಸರಿ ಇಲ್ಲ. ರಜಿಯಾ ಮೇಡಂ, "ಹಂಗಾದ್ರ ಪಾದಕ್ಕ ರಕ್ತ ಬರೋಬ್ಬರಿ ಮುಟ್ಟವಲ್ದು. ಒಯ್ಯಲೇಬೇಕು. ಸಿಸ್ಟರ್, ಕೂಸನ್ನ ತಯಾರು ಮಾಡ್ರಿ" ಎಂದರು.

ಬಾಗಿಲ ಹೊರಗೆ ನಿಂತು ಗಾಜಿನಿಂದ ಒಳಗೆ ನೋಡುತ್ತಿದ್ದ ಅಜ್ಜಿಗೆ ಈ ಮಾತು ಕೇಳಿಸಿತು. ಸಾಬಮ್ಮನ ತಾಯಿ ದೇವಮ್ಮ. ಭಾನುವಾರ ಊರಿಂದ ಬಂದವಳು. ತಾಯಿ ಏಳಲಾರದ್ದರಿಂದ, ಕೈ ತೊಳೆದುಕೊಂಡು ಒಳಗೆ ಬಂದು ಕೂಸಿನ ಪಕ್ಕ ಕೂರಲು ಅವಳಿಗೆ ಅನುಮತಿ ಇತ್ತು. ಗಾಜಿಗೆ ಹಣೆ ಹಚ್ಚಿ ನಿಂತವಳು ಅಳಲಿಲ್ಲ. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಕೂಸು ಹೋದ್ರ ನಾನೂ ಹೋಗ್ತೀನಿ. ಕಲಬುರ್ಗಿ ಆಗ್ಲಿ, ಕಾಶಿ ಆಗ್ಲಿ" ಎಂದಳು.

ಶಾಂತಾಬಾಯಿ ಬಟ್ಟೆ ಬೆಚ್ಚಗೆ ಮಾಡಲು ಹೋದರು. ನನ್ನ ಕೆಲಸ ಮುಗಿದಂತೆಯೇ. ಆದರೂ ಡಬ್ಬಿ ಹೊರತೆಗೆದಿದ್ದೆನಲ್ಲ, ಅಳತೆ ಬರೆದುಕೊಳ್ಳದೆ ಹೋಗುವುದು ನನ್ನಿಂದ ಆಗದ ಮಾತು. ಮೇಡಂ ಅವರ ಅನುಮತಿ ಕೇಳಿ ಹೊಸ ಪಟ್ಟಿಯನ್ನು ಸೋಪಿನ ಡಬ್ಬಿಗೆ, ಡಬ್ಬಿಯನ್ನು ಆಸಿಲೋಸ್ಕೋಪಿಗೆ ಜೋಡಿಸಿದೆ. ನನ್ನ ಬೆರಳಿಗೆ ಸುತ್ತಿದಾಗ 0.9 ವೋಲ್ಟ್. ಅದರ ಮೇಲೆ ನನ್ನ ನಾಡಿಯ ಸಣ್ಣ ಅಲೆ. ಕೂಸಿನ ಪಾದಕ್ಕೆ ಸುತ್ತಿ, ಹೊರಗಿನ ಬೆಳಕು ಬೀಳದಂತೆ ಮೇಲೆ ಟವೆಲ್ ಮುಚ್ಚಿದಾಗ 0.05 ವೋಲ್ಟ್. ಅಲೆ ಇಲ್ಲವೇ ಇಲ್ಲ, ಬರೀ ಗಿಜಿಗಿಜಿ.

ಬರೆದುಕೊಂಡೆ. ಬರೆದ ಎರಡು ಅಂಕಿಗಳನ್ನು ನೋಡುತ್ತ ನಿಂತೆ.

ಏನೋ ಹೊಂದುತ್ತಿರಲಿಲ್ಲ. ಎದೆ ಬಡಿತದಿಂದ ಏರಿಳಿಯುವುದು ಬೆಳಕಿನ ನೂರರಲ್ಲಿ ಒಂದು ಪಾಲು. ಉಳಿದ ತೊಂಬತ್ತೊಂಬತ್ತು ಪಾಲು ಅಲುಗದೆ ನಿಂತ ಬೆಳಕು; ಚರ್ಮ, ಮಾಂಸ, ಎಲುಬು ಹಾದು ಸುಮ್ಮನೆ ಬರುವಂಥದ್ದು. ಪಾದಕ್ಕೆ ರಕ್ತ ಸರಿಯಾಗಿ ಬರದಿದ್ದರೆ ಆ ಅಲೆ ಸಣ್ಣದಾಗಬೇಕು. ನಿಂತ ಬೆಳಕಿಗೆ ಅದರಿಂದ ಏನೂ ಆಗಬಾರದು. ಅದೂ ಅಲ್ಲದೆ ಈ ಕೂಸಿನ ಪಾದ ನನ್ನ ಬೆರಳಿಗಿಂತ ತೆಳು. ಬೆಳಕು ನನಗಿಂತ ಹೆಚ್ಚೇ ಬರಬೇಕಿತ್ತು. ಬಂದದ್ದು ಹದಿನೆಂಟರಲ್ಲಿ ಒಂದು ಪಾಲು. ಅಪ್ಪನ ಅಳತೆಪಟ್ಟಿಯಲ್ಲಿ ನೀರು ಹೀಗೆ ಇಳಿದರೆ ಅವನು ಹೊಲಗಳ ಕಡೆ ನೋಡುತ್ತಲೇ ಇರಲಿಲ್ಲ. ಸೈಕಲ್ ಹತ್ತಿ ಮೇಲಿನ ತೂಬಿಗೆ ಏನು ಸಿಕ್ಕಿಕೊಂಡಿದೆ ನೋಡಲು ಹೋಗುತ್ತಿದ್ದ.

"ಮೇಡಂ, ರಕ್ತ ಕಡಿಮಿ ಆದ್ರ ಬೆಳಕು ಇಷ್ಟು ಕಡಿಮಿ ಆಗಂಗಿಲ್ರಿ. ದೀಪಕ್ಕೂ ಡಯೋಡಿಗೂ ನಡುವ ಏನೋ ಅಡ್ಡ ಅದ. ಜರ ಪಾದ ನೋಡ್ರಿ."

"ಪಾದದಾಗ ಏನು ಇರ್ತದವಾ?" ಎಂದು ಶಾಂತಾಬಾಯಿ ಬಾಗಿಲಿನಿಂದಲೇ ಗದರಿದರು. "ಈಗ ನಾನೇ ಸುತ್ತೀನಿ, ನಾನೇ ಬಿಚ್ಚೀನಿ."

ಅವರು ಸುತ್ತಿದ್ದು ನಿಜ. ಆದರೆ ಆ ಕೋಣೆಯಲ್ಲಿ ಕೂಸುಗಳು ಮಲಗುವ ರೀತಿಗೆ ಪಟ್ಟಿಯನ್ನು ಸುತ್ತುವುದು ಮೇಲಿನಿಂದ. ಕೂಸನ್ನು ಕದಲಿಸಬಾರದೆಂದು ಪಾದವನ್ನು ಎತ್ತುತ್ತಲೇ ಇರಲಿಲ್ಲ. ಬೆರಳಿನಿಂದ ತಡವಿಯೇ ಪಟ್ಟಿಯ ತುದಿಯನ್ನು ಅಂಗಾಲಿನ ಕೆಳಗೆ ತೂರಿಸುತ್ತಿದ್ದರು. ರಜಿಯಾ ಮೇಡಂ ಪಟ್ಟಿ ಬಿಚ್ಚಿ, ಎರಡು ಬೆರಳಲ್ಲಿ ಆ ಪಾದವನ್ನು ಮೆಲ್ಲಗೆ ಎತ್ತಿದರು.

ಅಂಗಾಲಿನ ನಟ್ಟನಡುವೆ, ಹಳೆಯ ನಾಲ್ಕಾಣೆಯ ಅಗಲ, ಕಾಡಿಗೆಯ ಕರಿ ಬೊಟ್ಟು. ದಪ್ಪಗೆ ಹಚ್ಚಿ, ಒತ್ತಿ, ಮೇಲೆ ಮತ್ತೆ ಹಚ್ಚಿದ್ದು. ಇನ್ನೊಂದು ಪಾದ ಎತ್ತಿದರೆ ಅಲ್ಲೂ ಒಂದು.

ಪಟ್ಟಿ ಒರೆಸುವಾಗ ಬಟ್ಟೆಗೆ ಬಂದ ಕರಿಯನ್ನು ಎಲ್ಲರೂ ಕೊಳೆ ಎಂದುಕೊಂಡಿದ್ದೆವು. ಶಾಂತಾಬಾಯಿ ಗಾಜಿನ ಕಡೆ ತಿರುಗಿ ಬೆರಳು ಮಾಡಿ ಕರೆದರು. ದೇವಮ್ಮ ಒಳಗೆ ಬಂದಳು.

"ಯಮ್ಮಾ, ಕೂಸಿಗೆ ಕಾಡಿಗಿ ಹಚ್ಚಬ್ಯಾಡ ಅಂತ ನಿನಗ ಎಷ್ಟು ಸಲ ಹೇಳೀನಿ?"

"ಕಣ್ಣಿಗೆ ಹಚ್ಚಬ್ಯಾಡ ಅಂದ್ರಿ, ಹಚ್ಚಿಲ್ಲ. ಹಣಿಗೆ ಬ್ಯಾಡ ಅಂದ್ರಿ, ಹಚ್ಚಿಲ್ಲ. ಗಲ್ಲಕ್ಕೂ ಬ್ಯಾಡ ಅಂದ್ರಿ. ಅಂಗಾಲಿಗೆ ಬ್ಯಾಡ ಅಂತ ಯಾವಾಗ ಅಂದ್ರಿ?"

"ಎರಡೂ ಕಾಲಿಗೆ?"

"ಒಂದೇ ಕಾಲಿಗೆ ಹಚ್ಚಿದ್ರ ಇನ್ನೊಂದು ಏನು ಪಾಪ ಮಾಡ್ಯಾದ್ರಿ?" ಎಂದಳು ದೇವಮ್ಮ. ಆಮೇಲೆ ಎಲ್ಲರ ಮುಖ ನೋಡಿ ಅವಳ ದನಿ ಇಳಿಯಿತು. "ಔಡಲ ಎಣ್ಣಿ ದೀಪದ್ದು, ಮನ್ಯಾಗ ಮಾಡಿದ್ದು. ಇಷ್ಟು ಸಣ್ಣ ಕೂಸನ್ನ ಬಂದವರೆಲ್ಲ ನಿಂತು ನೋಡ್ತಾರ. ಅದಕ್ಕ ಹಚ್ಚಿನ್ರಿ. ಏನಾತ್ರಿ ಕೂಸಿಗೆ?"

"ಕೂಸಿಗೆ ಏನಾಗ್ಯಾದ ಅಂತ ಈಗ ನೋಡೂಣು" ಎಂದು ರಜಿಯಾ ಮೇಡಂ ಹತ್ತಿಯ ಉಂಡೆಗೆ ಕೊಬ್ಬರಿಎಣ್ಣೆ ಹಚ್ಚಿದರು. ನಾಲ್ಕು ಉಂಡೆ ಕರಿಯಾದವು. ಐದನೆಯದು ಬಿಳಿಯಾಗಿಯೇ ಉಳಿಯಿತು. ಎರಡೂ ಅಂಗಾಲು ತಿಳಿ ಗುಲಾಬಿ ಬಣ್ಣಕ್ಕೆ ಬಂದವು. ಒಂದು ಪಾದಕ್ಕೆ ನನ್ನ ಡಬ್ಬಿಯ ಪಟ್ಟಿ, ಇನ್ನೊಂದಕ್ಕೆ ಆಸ್ಪತ್ರೆಯ ಯಂತ್ರದ ಪಟ್ಟಿ ಸುತ್ತಿದೆವು.

ಟವೆಲ್ ಮುಚ್ಚುವ ಮೊದಲು ನಾನು ಬಗ್ಗಿ ನೋಡಿದೆ. ಪುಟ್ಟ ದೀಪದ ಬೆಳಕಿಗೆ ಆ ಪಾದವಿಡೀ ಒಳಗಿನಿಂದ ಕೆಂಪಗೆ ಹೊಳೆಯುತ್ತಿತ್ತು. ಬೆರಳುಗಳ ಸಂದಿನಲ್ಲೂ ಬೆಳಕು. ಒಂದು ಪಾದ ಇಷ್ಟು ಪಾರದರ್ಶಕವಾಗಿರುತ್ತದೆ ಎಂದು ನಾನು ಅಲ್ಲಿಯವರೆಗೆ ಎಣಿಸಿರಲಿಲ್ಲ. ಎಷ್ಟೋ ಪಟ್ಟಿಗಳನ್ನು ಪರೀಕ್ಷಿಸಿದ್ದೆ, ಎಲ್ಲವನ್ನೂ ನನ್ನದೇ ಬೆರಳಿಗೆ.

ಆಸಿಲೋಸ್ಕೋಪಿನ ಗೆರೆ 1.7 ವೋಲ್ಟಿಗೆ ಏರಿ ನಿಂತಿತು. ಗುಂಡಿ ತಿರುಗಿಸಿ, ನಿಂತ ಭಾಗವನ್ನು ಕಳೆದು, ಉಳಿದದ್ದನ್ನು ದೊಡ್ಡದು ಮಾಡಿದೆ. ಬಂತು. ಕಡಿದಾಗಿ ಏರಿ, ಇಳಿಯುವಾಗ ನಡುವೆ ಒಂದು ಸಣ್ಣ ಮೆಟ್ಟಿಲು ಮಾಡಿ, ಮತ್ತೆ ಏರುವ ಅಲೆ. ಒಂದರ ಹಿಂದೆ ಒಂದು, ನಿಮಿಷಕ್ಕೆ ನೂರಾ ಐವತ್ತರ ವೇಗದಲ್ಲಿ. ಎತ್ತರ ಬರೀ ಹದಿನೇಳು ಮಿಲಿವೋಲ್ಟ್. ವಿದ್ಯುತ್ತಿನ ಲೆಕ್ಕದಲ್ಲಿ ಹದಿನೇಳು ನ್ಯಾನೊಆಂಪಿಯರ್. ಒಂದು ಆಂಪಿಯರನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಹದಿನೇಳು ಪಾಲು ಮಾತ್ರ ಎತ್ತಿಕೊಂಡರೆ ಎಷ್ಟೋ ಅಷ್ಟು. ಒಂದೂವರೆ ಕೆಜಿಯ ಜೀವವೊಂದು ಪ್ರತಿ ಬಡಿತಕ್ಕೂ ಬೆಳಕನ್ನು ಅಷ್ಟೇ ಅಷ್ಟು ಅಡ್ಡಗಟ್ಟಿ ಬಿಡುತ್ತಿತ್ತು. ನಾನು ಸೋಪಿನ ಡಬ್ಬಿಯಲ್ಲಿ ಬೆಸೆದ ನಾಲ್ಕು ತಂತಿ ಅದನ್ನು ಕೇಳಿಸಿಕೊಂಡು ಗೆರೆಯಾಗಿ ಬರೆಯುತ್ತಿತ್ತು. ಈ ಸರ್ಕಿಟ್ಟನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವಳು ನಾನು. ಅದು ಇದಕ್ಕಾಗಿ ಇದೆ ಎಂದು ಗೊತ್ತಾದದ್ದು ಅವತ್ತು.

"ನಂಬರ್ ನೋಡ್ರಿ" ಎಂದರು ಶಾಂತಾಬಾಯಿ.

ಆಸ್ಪತ್ರೆಯ ಯಂತ್ರದಲ್ಲಿ ಎಂಬತ್ತೊಂಬತ್ತು ಇತ್ತು. ನೋಡುತ್ತಿದ್ದಂತೆ ತೊಂಬತ್ತೈದು. ತೊಂಬತ್ತೆಂಟು. ನೂರು.

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ರಜಿಯಾ ಮೇಡಂ ಮುಖದಲ್ಲಿ ಮಾತ್ರ ಗಾಬರಿ. "ಅಯ್ಯೋ, ಇಷ್ಟು ಬ್ಯಾಡ" ಎನ್ನುತ್ತ ಓಡಿಹೋಗಿ ಆಕ್ಸಿಜನ್ ಗುಂಡಿ ತಿರುಗಿಸಿದರು. ಆಮೇಲೆ ನನಗೆ ಬಿಡಿಸಿ ಹೇಳಿದರು. ದಿನ ತುಂಬದ ಕೂಸಿಗೆ ಆಕ್ಸಿಜನ್ ಕಡಿಮೆಯಾದರೆ ಜೀವಕ್ಕೆ ತೊಂದರೆ. ಬಹಳ ದಿನ ಹೆಚ್ಚಾದರೆ ಕಣ್ಣಿನ ಒಳಪದರದ ರಕ್ತನಾಳಗಳು ಕೆಡುತ್ತವೆ, ದೃಷ್ಟಿಯೇ ಹೋಗಬಹುದು. ಅದಕ್ಕೇ ತೊಂಬತ್ತರಿಂದ ತೊಂಬತ್ತೈದರ ನಡುವೆ ಹಿಡಿದಿಡಬೇಕು. ಎರಡು ದಿನ ಸುಳ್ಳು ಅಂಕಿಯನ್ನು ನಂಬಿ ಆಕ್ಸಿಜನ್ ಏರಿಸುತ್ತ ಬಂದಿದ್ದರು. ಹೀಗೇ ಏರಿಸುತ್ತ ಕಲಬುರಗಿಯವರೆಗೂ ಒಯ್ಯುತ್ತಿದ್ದರು.

ಗುಂಡಿ ಸ್ವಲ್ಪ ಸ್ವಲ್ಪವೇ ಇಳಿಯಿತು. ತೊಂಬತ್ತೇಳು, ತೊಂಬತ್ತೈದು, ತೊಂಬತ್ಮೂರು. ಅಲ್ಲಿ ನಿಂತಿತು. ಹತ್ತು ನಿಮಿಷ ಎಲ್ಲರೂ ಅದನ್ನೇ ನೋಡಿದೆವು. ಕದಲಲಿಲ್ಲ.

ಅಷ್ಟರಲ್ಲಿ ಆಂಬುಲೆನ್ಸ್ ಬಂದು ಅಂಗಳದಲ್ಲಿ ನಿಂತಿತು. ಡ್ರೈವರ್ ಒಳಗೆ ಇಣುಕಿ, "ಕೂಸು ಎಲ್ರಿ ಮೇಡಂ?" ಎಂದ.

"ಕೂಸು ಬರಂಗಿಲ್ಲ. ಒಂದು ಚಾ ಕುಡದು ಹೋಗ್ರಿ."

"ಇಷ್ಟು ದೂರ ಬಂದು ಖಾಲಿ ಹೋಗ್ಲೇನ್ರಿ?"

"ನೀವು ಖಾಲಿ ಹೋದ್ರೇ ನಮಗ ಚಲೋ ಸುದ್ದಿ ನೋಡ್ರಿ" ಎಂದರು ಮೇಡಂ.

ದೇವಮ್ಮ ಮೂಲೆಯಲ್ಲಿ ನಿಂತೇ ಇದ್ದಳು. ತಾನು ಮಾಡಿದ್ದೇನು ಎಂಬುದು ಅವಳಿಗೆ ಪೂರ್ತಿ ತಿಳಿದಿರಲಿಲ್ಲ. ತನ್ನಿಂದಲೇ ಏನೋ ಆಯಿತು ಎಂಬುದಷ್ಟು ತಿಳಿದಿತ್ತು. ನಾನು ಅವಳನ್ನು ಆಸಿಲೋಸ್ಕೋಪಿನ ಹತ್ತಿರ ಕರೆದೆ.

"ಇದು ಏನವ್ವಾ, ಹಾವು ಹರದಾಂಗ?"

"ನಿಮ್ಮ ಮೊಮ್ಮಗಳ ಎದಿ ಬಡತ ಅಜ್ಜಿ. ಈ ದೀಪದ ಬೆಳಕು ಆಕಿ ಪಾದದಾಗಿಂದ ಹಾದು ಬಂದು ಹಿಂಗ ಬರೀತದ. ನಿಮ್ಮ ಕಾಡಿಗಿ ಆ ಬೆಳಕನ್ನ ತಡದಿತ್ತು."

ಅವಳು ಬಹಳ ಹೊತ್ತು ನೋಡಿದಳು. ಅಲೆಯ ಜೊತೆ ಅವಳ ತಲೆಯೂ ಸಣ್ಣಗೆ ಆಡುತ್ತಿತ್ತು. "ಕಾಲಾಗಿಂದ ಎದಿ ಕಾಣ್ತದೇನು!" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಬಳಿಕ ಎರಡೂ ಕೈಯಿಂದ ಪರದೆಗೆ ನಿವಾಳಿಸಿ ತನ್ನ ಕಪಾಲಕ್ಕೆ ಒತ್ತಿ ನೆಟಿಗೆ ಮುರಿದಳು. ಹತ್ತು ಬೆರಳೂ ಚಟಚಟ ಎಂದವು.

"ಆದ್ರ ಕೂಸಿಗೆ ಒಂದು ಬೊಟ್ಟಾದ್ರೂ ಬೇಕವ್ವಾ. ಬರೇ ಕೂಸು ಇಡಾಕ ನನಗ ಧೈರ್ಯ ಇಲ್ಲ. ಎಲ್ಲಿ ಹಚ್ಚಲಿ, ನೀನೇ ಹೇಳು."

ಉತ್ತರ ಕೊಟ್ಟವರು ಇಷ್ಟು ಹೊತ್ತು ಗದರಿದ್ದ ಶಾಂತಾಬಾಯಿಯೇ. ಕೂಸಿನ ತಲೆ ತಣ್ಣಗಾಗದಂತೆ ಹಾಕಿದ್ದ ಬಿಳಿ ಕುಂಚಿಗೆಯನ್ನು ಬಿಚ್ಚಿ ಅವಳ ಕೈಗಿಟ್ಟು, "ಇದರ ಮ್ಯಾಲೆ, ಹೊರಗಿನ ಬದಿಗೆ ಹಚ್ಚು. ಎಷ್ಟು ದೊಡ್ಡದು ಬೇಕೋ ಅಷ್ಟು ಹಚ್ಚು. ಕೂಸಿನ ಮೈಗೆ ಬೆರಳು ತಾಗಿಸಿದಿ ಅಂದ್ರ ಮಾತ್ರ ನಿನ್ನ ಕಲಬುರ್ಗಿಗೆ ಕಳಸ್ತೀನಿ" ಎಂದರು. ದೇವಮ್ಮ ಮೊದಲ ಸಲ ನಕ್ಕಳು. ಸೊಂಟದ ಚೀಲದಿಂದ ಡಬ್ಬಿ ತೆಗೆದು, ಹೊರಗೆ ಹೋಗಿ, ಕುಂಚಿಗೆಯ ನೆತ್ತಿಗೆ ಒಂದು ದೊಡ್ಡ ಬೊಟ್ಟಿಟ್ಟು ತಂದಳು. ನನ್ನನ್ನು ದಾಟುವಾಗ ಕೇಳಿದಳು, "ನಿನಗ ಲಗ್ನ ಆಗ್ಯಾದೇನವ್ವಾ?" ಇಲ್ಲ ಎಂದೆ. "ಆಗ್ತದ ತಗೋ" ಎಂದು ನನಗೂ ಒಮ್ಮೆ ನೆಟಿಗೆ ಮುರಿದಳು.

ಮೂರು ವಾರದ ಮೇಲೆ ಸಾಬಮ್ಮ ಕೂಸನ್ನು ಎತ್ತಿಕೊಂಡು ಮನೆಗೆ ಹೋದಳೆಂದು ಶಾಂತಾಬಾಯಿ ಫೋನಿನಲ್ಲಿ ಹೇಳಿದರು. ಕಣ್ಣಿನ ಪರೀಕ್ಷೆಯೂ ಆಗಿತ್ತು, ಎರಡೂ ಚೆನ್ನಾಗಿದ್ದವು.

ಮುಂದಿನ ಜನವರಿಯಲ್ಲಿ ವಾರ್ಷಿಕ ತಪಾಸಣೆಗೆಂದು ಅದೇ ಕೋಣೆಗೆ ಹೋದೆ. ಆ ದಿನ ಮೂರು ಕೂಸುಗಳಿದ್ದವು, ಮೂರೂ ಬೇರೆ ಬೇರೆ ಊರಿನವು. ದೇವಮ್ಮನ ಹೆಸರು ಆ ಕೂಸುಗಳ ಮನೆಯವರ್ಯಾರಿಗೂ ಗೊತ್ತಿರಲಿಲ್ಲ. ಮೂರೂ ಕುಂಚಿಗೆಗಳ ನೆತ್ತಿಯ ಮೇಲೆ ಒಂದೊಂದು ಕರಿ ಬೊಟ್ಟು ಇತ್ತು.

ಯಂತ್ರ ತಪ್ಪು ತೋರಿಸಿದಾಗ ಯಂತ್ರವನ್ನು ಬಿಚ್ಚುವುದು ನನಗೆ ಕಾಲೇಜು ಕಲಿಸಿದ ಪಾಠ. ಬೆಳಕು ಎಲ್ಲಿಂದ ಹೊರಟಿತು, ದಾರಿಯಲ್ಲಿ ಏನನ್ನು ಹಾದು ಬಂತು, ಅದನ್ನು ಮೊದಲು ನೋಡಬೇಕೆಂಬುದು ಆ ಮಂಗಳವಾರ ಕಲಿಸಿದ್ದು. ಆ ದಾರಿಯಲ್ಲಿ ಮನುಷ್ಯರೂ ಇರುತ್ತಾರೆ; ಅವರು ಅಡ್ಡ ಬಂದಿರುವುದು ಬಹಳ ಸಲ ಕೂಸಿನ ಮೇಲಿನ ಅಕ್ಕರೆಯಿಂದಲೇ. ಜನವರಿಯ ಆ ದಿನವೂ ಚೀಲ ಕೆಳಗಿಟ್ಟು ಮೊದಲು ಕೈ ತೊಳೆದುಕೊಂಡೆ, ಆರು ಪುಟ್ಟ ಪಾದಗಳನ್ನು ಒಂದೊಂದಾಗಿ ಎತ್ತಿ ನೋಡಿದೆ. ಆರೂ ತಿಳಿಯಾಗಿದ್ದವು. ಆಮೇಲೆಯೇ ಡಬ್ಬಿ ತೆಗೆದೆ.